ನೀಲ್ಸನ ಕುರ್ಚಿ

ಬೇಸಾಯ ಕಲಿಯಲೆಂದು ಡೆನ್ಮಾರ್ಕಿನಿಂದ ಹಾನುಬಾಳಿಗೆ ಬಂದಿದ್ದ ವಿದ್ಯಾರ್ಥಿ ನೀಲ್ಸ್ ಮೊಟ್ಟಮೊದಲು ಚೆನ್ನಾಗಿ ಕಲಿತದ್ದು ಕುರ್ಚಿಯಲ್ಲಿ ಕೂರುವುದನ್ನು. ತನ್ನೂರಲ್ಲಿ ಬೆಳಗಾಗುವ ಮುಂಚೆ ಎದ್ದು ಹಾಲು ಕರೆಯುತ್ತಿದ್ದ ರೈತನ ಮಗ ಅವನು. ಇಲ್ಲಿ ಸಗಣಿ ಬುಟ್ಟಿಗೆ ಕೈಹಾಕಿದರೆ ಸಾಕು, ಮನೆಯೊಡತಿ ಗಂಗಾಮಣಿ, ‘ಅಯ್ಯಯ್ಯೋ, ನೆಂಟ್ರ ಕೈಲಿ ಕೆಲ್ಸ ಮಾಡಿಸ್ತಾರಾ? ಕೂತ್ಕಳಿ’ ಎಂದು ಮನೆಗಿದ್ದ ಒಂದೇ ಕುರ್ಚಿಯನ್ನು ತಂದಿಡುತ್ತಿದ್ದಳು. ಅವನು ಕೊಟ್ಟಿಗೆಗೆ ಹೋದರೆ ಕುರ್ಚಿಯೂ ಕೊಟ್ಟಿಗೆಗೆ, ಕಾಫಿ ಕಣಕ್ಕೆ ಹೋದರೆ ಕಣಕ್ಕೆ. ನಾಟಿಯ ದಿನ ಅದು ಗದ್ದೆಯ ಬದುವಿಗೂ ಬಂತು. ಕುರ್ಚಿಯ ಕಾಲುಗಳು ಕೆಸರಿನಲ್ಲಿ ಹೂತುಹೋಗುತ್ತಿದ್ದಂತೆ ನೀಲ್ಸ್ ಕೂತಲ್ಲೇ ಗಂಭೀರವಾಗಿ ಅದರೊಂದಿಗೆ ಕೆಳಗಿಳಿಯುತ್ತ, ‘ನಾನೂ ನಾಟಿ ಮಾಡಲೇ?’ ಎಂದು ತನ್ನ ಪುಸ್ತಕದ ಕನ್ನಡದಲ್ಲಿ ಕೇಳಿದ. ‘ನೋಡ್ತಾ ಕೂತ್ಕಳಿ, ಅದೂ ಕಲಿಯೋದೇ ಕಣ್ರೀ!’ ಎಂದಳು ಗಂಗಾಮಣಿ. ಮೆತ್ತಗಾಗುತ್ತಿದ್ದ ಅಂಗೈಗಳನ್ನು ನೋಡಿಕೊಂಡಾಗಲೆಲ್ಲ, ವರ್ಷವಿಡೀ ನೆಂಟನಾಗಿಯೇ ಇದ್ದು ಊರಿಗೆ ಮರಳಬೇಕಲ್ಲ ಎಂದು ಅವನಿಗೆ ಸಂಕಟವಾಗುತ್ತಿತ್ತು. ಕೊಯ್ಲಿನ ಒಂದು ಸಂಜೆ ಯಸಳೂರಿನಿಂದ ಗಂಗಾಮಣಿಯ ಬೀಗರು ಬಂದರು. ಅವಳು ದಡಬಡಿಸಿ ಜಗಲಿಗೆ ಬಂದವಳೇ, ‘ಏಳೋ ಮಾರಾಯ, ನೆಂಟ್ರು ಬಂದವ್ರೆ! ಹೋಗು, ಕಾಲಿಗೆ ನೀರು ಕೊಡು’ ಎಂದು ಅವನನ್ನು ಎಬ್ಬಿಸಿ ಕುರ್ಚಿ ಎತ್ತಿಕೊಂಡು ಹೋದಳು. ನೀಲ್ಸ್ ತುಂಬಿದ ಚೊಂಬು ಹಿಡಿದು ಅಂಗಳಕ್ಕೆ ಓಡಿದ. ಸಂಭ್ರಮಕ್ಕೆ ಅರ್ಧ ನೀರು ಅವನ ಕಾಲಿನ ಮೇಲೇ ಚೆಲ್ಲಿತು.