ಹಳೆಯ ಕರ್ನಲ್ಲಿಗೆ ಮೂರು ಸಾಲು ಕೊಟ್ಟ ಕರಿಬಸಯ್ಯನವರು

ಹೊಸ ಯಂತ್ರ ಮಾರುವವರು ನಮ್ಮ ಸೀಮೆಯಲ್ಲಿ ಬಹಳ. ಹಳೆಯ ಯಂತ್ರದ ಕರ್ನಲ್ಲಿಗೆ, ಅಂದರೆ ಅದನ್ನು ನಡೆಸುವ ತಂತ್ರಾಂಶದ ತಿರುಳಿಗೆ, ಹೊಸ ಕಾಲದ ಸೌಲಭ್ಯ ತಂದು ಕೂಡಿಸಬಲ್ಲವರು ಶ್ರೀ ಕರಿಬಸಯ್ಯನವರೊಬ್ಬರೇ. ನಾರಾಯಣಪೇಟೆಯಲ್ಲಿ ರೇಡಿಯೊ ರಿಪೇರಿಯಿಂದ ಆರಂಭಿಸಿ, ಮಕ್ತಲಿನಲ್ಲಿ ಪಂಪುಗಳ ನಿಯಂತ್ರಣ ಪೆಟ್ಟಿಗೆಗಳನ್ನು ಸಲಹಿ, ಕಡೆಯ ಹದಿನಾರು ವರ್ಷ ಗದ್ವಾಲದ ನಮ್ಮ ಕಾರ್ಯಾಗಾರದಲ್ಲಿ ದುಡಿದು ಅವರೀಗ ನಿವೃತ್ತರಾಗಿದ್ದಾರೆ.

ಒಂಬತ್ತನೇ ತರಗತಿಗೇ ಶಾಲೆ ಬಿಟ್ಟ ನನ್ನನ್ನು ಒಳಗೆ ಕರೆದವರು ಅವರು. ಸರ್ಟಿಫಿಕೇಟ್ ಕೇಳಿದವರ ಮೇಲೆ ನಾನು ಹಲ್ಲು ಕಡಿಯುತ್ತಿದ್ದರೆ, "ಸಿಟ್ಟು ಹಂಗೇ ಇರ್ಲಿ ತಮ್ಮಾ, ಸ್ಕ್ರೂ ಮಾತ್ರ ಮೆಲ್ಲಕ ತಿರುವು" ಎಂದು ನಗುತ್ತಿದ್ದರು.

ಎರಡು ವರ್ಷದ ಹಿಂದೆ ಧರೂರಿನ ಬಳಿ ಕಾಲುವೆ ಗೇಟಿಗೆ ಸೈರನ್ ಕೂಡಿಸುವ ಕೆಲಸ ಬಂತು. ಸೈರನ್ ಕೂಗಿ ಹತ್ತು ನಿಮಿಷವಾದ ಮೇಲೆಯೇ ಗೇಟು ಏಳಬೇಕು. ಕೆಳಗೆ ಬಟ್ಟೆ ಒಗೆಯುವವರು, ಕುರಿ ತೊಳೆಯುವವರು ಇರುತ್ತಾರೆ. ಎರಡು ಸಮಯಗಳಲ್ಲಿ ಯಾವುದು ಮೊದಲು ಎಂದು ಹೇಳುವ ಸಹಾಯಕ ಫಂಕ್ಷನ್ನನ್ನು, ಅಂದರೆ ಸಿದ್ಧ ಸಾಲುಗಳ ತುಣುಕನ್ನು, ಹೊಸ ತಂತ್ರಾಂಶ ಕೇಳಿತು. ಹಳೆಯ ಕರ್ನಲ್ಲಿನಲ್ಲಿ ಅದಿರಲಿಲ್ಲ. ನಾನು ಅದನ್ನು ಕೇಳುವ ಸಾಲನ್ನೇ ಕಿತ್ತೊಗೆದು, ದೊಡ್ಡ ಸಂಖ್ಯೆಯೇ ನಂತರದ ಸಮಯವೆಂದು ಬರೆದೆ. ಬೆಳಗಿನಿಂದ ಚಾಲೂ ಇದ್ದ ಕಾರ್ಯಾಗಾರದ ಪೆಟ್ಟಿಗೆಯಲ್ಲಿ ಅದು ನಡೆಯಿತು. ಧರೂರಿನಲ್ಲಿ ಕರೆಂಟು ಕೊಟ್ಟ ಕೂಡಲೇ ಪರೀಕ್ಷಿಸಿದರೆ, ಸೈರನ್ ಕೂಗುತ್ತಲೇ ಗೇಟೂ ಎದ್ದಿತು. ಪುಣ್ಯಕ್ಕೆ ಕಾಲುವೆ ಒಣಗಿತ್ತು. ಒಣಗಿದಾಗಲೇ ಪರೀಕ್ಷೆ ಎಂದು ಹಟ ಹಿಡಿದವರೂ ಕರಿಬಸಯ್ಯ ಸರ್ ಅವರೇ.

"ಯಾರ ಕೆಲಸಾರೀ ಇದು? ಹತ್ತನೇ ಪಾಸಾಗದವನ ಕೈಯಾಗ ಕೊಟ್ಟಿದ್ರೇನು?" ಎಂದು ಮೇಲಧಿಕಾರಿ ಸುರೇಂದರ್ ಗದರಿದರು.

ನಾನು ಬಾಯಿ ತೆರೆಯುವ ಮೊದಲೇ ಸರ್, "ನಾ ಬರದೀನ್ರಿ ಸಾಹೇಬ್ರ" ಎಂದುಬಿಟ್ಟರು. ಅವರ ಸೇವಾ ಪುಸ್ತಕದಲ್ಲಿ ನಿರ್ಲಕ್ಷ್ಯದ ಷರಾ ಬಿತ್ತು, ಕಡೆಯ ಬಡ್ತಿ ತಪ್ಪಿತು. ನನ್ನ ನೌಕರಿ ಉಳಿಯಿತು.

ಮರುದಿನ ಪಕ್ಕದಲ್ಲಿ ಕೂತು ಕಲಿಸಿದರು. "ಪೆಟ್ಟಿಗಿ ಹೊತ್ತು ಎಣಿಸ್ತೈತಲ್ಲ, ಆ ಎಣಿಕಿ ತುಂಬಿದ್ರ ಸೊನ್ನಿಗೆ ಬರ್ತೈತೋ. ಹತ್ ನಿಮಿಷ ಮುಂದಿನ ಹೊತ್ತು ಸಣ್ಣ ಸಂಖ್ಯೆ ಆಗಿ, ಆಗಲೇ ಕಳದ್ಹಂಗ ಕಂಡೈತಿ. ಚಾಲೂ ಆದ ಐದ್ ನಿಮಿಷಕ್ಕ ತುಂಬೋ ಹಂಗ ಇಟ್ಟಿರ್ತಾರ, ಇಂಥಾ ತಪ್ಪು ಲಗೂ ಸಿಗ್ಲಿ ಅಂತ. ದೊಡ್ಡದ್ಯಾವುದು ಅಂತ ನೋಡಬ್ಯಾಡ, ಈಗಿನ ಹೊತ್ತಿನಾಗ ಗೇಟಿನ ಹೊತ್ತು ಕಳದು ನೋಡು. ಮೈನಸ್ ಬಂದ್ರ ಇನ್ನಾ ಹೊತ್ತೈತಿ. ಹೊಸದರಾಗ ಕೈ ಹಾಕಬ್ಯಾಡ, ಹಳೇದಕ್ಕ ಇಲ್ಲದ್ದು ನಾವು ಕೊಡೋಣು." ಬೇರೆ ಕಡತದಲ್ಲಿ ಮೂರು ಸಾಲು ಬರೆದರು, ಹಳೆಯ ಕರ್ನಲ್ಲು ಹೊಸ ತಂತ್ರಾಂಶವನ್ನು ತಕರಾರಿಲ್ಲದೆ ಒಪ್ಪಿತು.

ಅವರ ಈ ಅಭಿನಂದನ ಗ್ರಂಥಕ್ಕೆ ಬರೆಯುತ್ತೇನೆಂದಾಗ, "ಧರೂರಿನ ಮಾತು ಎತ್ತಬ್ಯಾಡಲೇ, ನಿನ್ನ ನೌಕರಿ ಇನ್ನಾ ಭಾಳ ಐತಿ" ಎಂದು ತಾಕೀತು ಮಾಡಿದ್ದಾರೆ. ಪೂಜ್ಯರು ನೂರು ವರ್ಷ ಬಾಳಲಿ, ಅವರ ಕೈಗಾಗಿ ಕಾದಿರುವ ಹಳೆಯ ಪೆಟ್ಟಿಗೆಗಳಿಗೆಲ್ಲ ಜೀವ ಕೊಡುತ್ತಿರಲಿ. ಅವರ ಮಾತನ್ನು ನಾನು ಮೀರುತ್ತಿರುವುದು ಇದೊಂದೇ ಸಲ. ಸುರೇಂದರ್ ಅವರೂ ಇದನ್ನು ಓದಲಿ. ಧರೂರಿನ ತಪ್ಪು ಬರೆದವನು ನಾನು, ಕುರಿಗಾರ ನರಸಯ್ಯನ ಮಗ ಶೇಖರ್. ಆ ಷರಾ ನನ್ನ ಹೆಸರಿಗೆ ಬರಲಿ.