ಒಂದು ಪದ ಕಡಿಮೆ ಬಂದ ತಂತಿ

ಕುಂದಗೋಳದ ಟಪಾಲು ಕಚೇರಿಯಲ್ಲಿ ಮಾಬುಸಾಬ ಕಾಕಾ ತಂತಿ ಬರೆದುಕೊಳ್ಳುವುದನ್ನು ನೋಡಲು, ಶಾಲೆಯಿಂದ ಬರುವಾಗ ನಾನು ಕಿಟಕಿಗೆ ಮುಖ ಹಚ್ಚಿ ನಿಲ್ಲುತ್ತಿದ್ದೆ. ಹಿತ್ತಾಳೆಯ ಯಂತ್ರ ಕಟಕಟ ಅನ್ನುತ್ತಿತ್ತು. ಕಾಕಾ ಅದರ ಕಡೆ ನೋಡುತ್ತಲೇ ಇರಲಿಲ್ಲ. ಸಪ್ಪಳ ಕೇಳಿಯೇ ಇಂಗ್ಲಿಷ್ ಅಕ್ಷರ ಬರೆಯುತ್ತಿದ್ದರು. ಅವರದು ನಮ್ಮ ಬಾಜು ಮನೆ, ಅಪ್ಪನ ಜೊತೆ ಇಪ್ಪತ್ತು ವರ್ಷದ ಗೆಳೆತನ. ಆದರೂ ಯಾರ ಮನೆಗೆ ಏನು ತಂತಿ ಬಂತೆಂದು ಒಂದು ದಿನವೂ ಬಾಯಿ ಬಿಟ್ಟವರಲ್ಲ. ಹೆಂಡತಿ ಖೈರುನಬಿ ಕೇಳಿದರೂ ಅಷ್ಟೇ.

೧೯೮೪ರ ಬೇಸಿಗೆಯಲ್ಲಿ ನನ್ನ ಮದುವೆ ಗೊತ್ತಾಗಿತ್ತು. ವರ ನವಲಗುಂದದವರು. ಇನ್ನು ಐದು ದಿನ ಇದೆ ಎನ್ನುವಾಗ ಅವರ ಅಜ್ಜ ಹಾಸಿಗೆ ಹಿಡಿದ ಸುದ್ದಿ ಬಂತು. ಅವ್ವ ಮದುವೆಯ ಉಂಡಿ ಕಟ್ಟುವುದನ್ನು ಅರ್ಧಕ್ಕೇ ಬಿಟ್ಟಳು.

ಮರುದಿನ ಮಧ್ಯಾಹ್ನ ಗಾಳಿಮಳೆ. ಏನಾದರೂ ತಿಳಿದೀತೆಂದು ಅಪ್ಪ ಶಂಕ್ರಪ್ಪ ತೊಯ್ಸಿಕೊಂಡೇ ಕಚೇರಿಗೆ ಹೋದ. ಕಾಕಾ ಏನೋ ಬರೆದುಕೊಂಡು, ಅದರ ಪದಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದವರು ಅಪ್ಪನನ್ನು ಕಂಡು ಕಾಗದ ಮಗುಚಿಟ್ಟರು. ನಮ್ಮದೇ ತಂತಿ ಎಂದು ಅಪ್ಪನಿಗೆ ಹೊಳೆಯಿತು. ಕೇಳಿದರೆ, ಇನ್ನೂ ಪೂರ್ತಿ ಬಂದಿಲ್ಲ, ಕೂಡು ಎಂದರು. ಬಂದಷ್ಟನ್ನಾದರೂ ಹೇಳು ಎಂದು ಅಪ್ಪ ಅಂಗಲಾಚಿದ. ಕಾಕಾ ತುಟಿ ಬಿಚ್ಚಲಿಲ್ಲ. ಇಷ್ಟೇ ಏನು ನಿನ್ನ ಗೆಳೆತನ ಎಂದು ಬೈದು ಅಪ್ಪ ಹೊರಗೆ ಕಟ್ಟೆಯ ಮೇಲೆ ಕುಳಿತ.

ಮಳೆಗೆ ಕೆಟ್ಟಿದ್ದ ಹುಬ್ಬಳ್ಳಿಯ ಲೈನು ಸರಿಯಾದಾಗ ಸಂಜೆ ಐದು ಗಂಟೆ. ಕಾಕಾ ಆ ತಂತಿಯನ್ನು ಮೊದಲಿನಿಂದ ಇನ್ನೊಮ್ಮೆ ತರಿಸಿಕೊಂಡು, ಮುದ್ರೆ ಒತ್ತಿ ಹೊರಗೆ ತಂದರು. ಅಪ್ಪನ ಸಹಿ ಪಡೆದ ಮೇಲೆಯೇ ಓದಿ ಹೇಳಿದರು: ಅಜ್ಜನಿಗೆ ಆರಾಮಿಲ್ಲ, ಮದುವೆ ಮುಂದೂಡಿಲ್ಲ.

"ಮಧ್ಯಾಹ್ನನ ಹೇಳಿದ್ರ ಏನಾಗ್ತಿತ್ತು?" ಎಂದ ಅಪ್ಪ.

ಪ್ರತಿ ತಂತಿಯ ತಲೆಗೆ ಒಟ್ಟು ಎಷ್ಟು ಪದ ಎಂಬುದು ಮೊದಲು ಬರುತ್ತದೆಯಂತೆ. ಅದರಲ್ಲಿ ಹನ್ನೆರಡು ಎಂದಿತ್ತು, ಮಳೆಯ ಗದ್ದಲದಲ್ಲಿ ಕಾಕಾಗೆ ಕೇಳಿಸಿದ್ದು ಹನ್ನೊಂದೇ ಪದ. ತಪ್ಪಿಹೋಗಿದ್ದು 'ನಾಟ್', ಅಂದರೆ 'ಇಲ್ಲ' ಎನ್ನುವ ಇಂಗ್ಲಿಷ್ ಪದ.

"ಮದುವಿ ಮುಂದ ಹಾಕ್ಯಾರ ಅಂತ ಹೇಳಬೇಕಾಗ್ತಿತ್ತು, ಶಂಕ್ರಪ್ಪಾ," ಎಂದರು ಕಾಕಾ. "ಎಣಿಕಿ ಕೂಡೂತನಕ ಅದು ತಂತಿ ಅಲ್ಲ."

ಅಪ್ಪ ಅವರ ಕೈ ಹಿಡಿದುಕೊಂಡ.

ಆ ಅಜ್ಜ ಲಾರಿಯಲ್ಲಿ ಮಲಗಿಕೊಂಡೇ ನವಲಗುಂದದಿಂದ ಬಂದರು, ನಮಗೆ ಅಕ್ಕಿಕಾಳು ಹಾಕಿದರು. ಮುಂದೆ ತಿಂಗಳು ತುಂಬುವುದರೊಳಗೆ ಹೋಗಿಬಿಟ್ಟರು.

ಎಷ್ಟೋ ವರ್ಷದ ಮೇಲೆ ತವರಿಗೆ ಬಂದಾಗ, ನಿವೃತ್ತರಾಗಿದ್ದ ಕಾಕಾನನ್ನು ಕೇಳಿದೆ: ಊರವರ ತಂತಿಯ ಕಥೆ ಈಗಾದರೂ ಒಂದೆರಡು ಹೇಳಬಾರದೇನು? ಅವರು ನಕ್ಕು, ಒಳಗಿದ್ದ ಖೈರುನಬಿಗೆ ಚಹಾ ಇಡಲು ಹೇಳಿ, ನನ್ನ ಮಕ್ಕಳ ಶಾಲೆಯ ವಿಚಾರ ಕೇಳತೊಡಗಿದರು.