ಎರಡನೇ ಸಾಲಿನ ಗಂಟಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಿನಿಮಾ ಸ್ಟುಡಿಯೋದ ಹಿಂದಿನ ತಗಡಿನ ಶೆಡ್ಡಿನಲ್ಲಿ ಒಂದೇ ಬಲ್ಬಿನ ಕೆಳಗೆ ಕೂತು ಅವರು ಗಲ್ಲಕ್ಕೆ ಅಂಟು ಬಳಿದುಕೊಳ್ಳುತ್ತಿದ್ದಾರೆ. ಅದರ ಘಾಟಿಗೆ ಕಣ್ಣಲ್ಲಿ ನೀರು ಬರುತ್ತದೆ. ನಿನ್ನೆಯ ಗಡ್ಡ ಕಿತ್ತ ಜಾಗ ಇನ್ನೂ ಕೆಂಪಗಿದೆ. ಇವತ್ತಿನ ಗಡ್ಡ ಅದರ ಮೇಲೇ ಕೂರಬೇಕು. ಕನ್ನಡಿಯ ಮುಂದೆ ನೂಕುನುಗ್ಗಲು, ಹಾಗಾಗಿ ಬೆರಳಲ್ಲೇ ದವಡೆಯ ಅಂಚು ಹುಡುಕಿ ಒತ್ತುತ್ತಾರೆ. ಆಮೇಲೆ ನಿಲುವಂಗಿ. ಎದೆಯ ಕಡೆ ಮಖಮಲ್ಲು, ಬೆನ್ನಿನ ಕಡೆ ಅಗ್ಗದ ಕೋರಾ ಬಟ್ಟೆ.

“ಬೆನ್ನು ತಿರುಗಿಸಿದ್ರೆ ಆಸ್ಥಾನದ ಮಾನ ಹೋಗುತ್ತೆ. ಅದಕ್ಕೇ ನಾವು ಹಿಂದೆ ಹಿಂದೆ ನಡೀತೀವಿ. ಜನ ಅದನ್ನ ರಾಜಮರ್ಯಾದೆ ಅನ್ಕೋತಾರೆ,” ಎನ್ನುತ್ತಾರೆ.

ಸ್ಟುಡಿಯೋದಲ್ಲಿ ಎಲ್ಲರಿಗೂ ಅವರು ‘ಅಪ್ಪಣೆ’. ಅಚ್ಚುಮೊಳೆ ಜೋಡಿಸುತ್ತಿದ್ದ ಮುದ್ರಣಾಲಯ ಮುಚ್ಚಿದ ಮೇಲೆ ಹೊಟ್ಟೆಪಾಡಿಗೆ ಇಲ್ಲಿಗೆ ಬಂದವರು. ಅಂದಿನಿಂದ ಎಷ್ಟೋ ರಾಜರ ಸಭೆಯಲ್ಲಿ ನಿಂತಿದ್ದಾರೆ, ಹೇಳಿದ ಮಾತು ಮಾತ್ರ ಒಂದೇ. ರಾಜ ಏನೇ ಹೇಳಲಿ, “ಅಪ್ಪಣೆ, ಪ್ರಭು.” ಉಳಿದವರು ಗುಂಪಿನಲ್ಲಿ ಗೋವಿಂದ ಎಂದು ತುಟಿ ಆಡಿಸುತ್ತಾರೆ. ಇವರ ದನಿ ಸೂರಿಗೆ ತಾಗುತ್ತದೆ. “ಮೊದಲ ಸಾಲಿಗೆ ಮುಖ ಬೇಕು. ಎರಡನೇ ಸಾಲಿಗೆ ಗಂಟಲಿದ್ರೆ ಸಾಕು.” ಹೆಂಡತಿಯ ದೂರೇ ಬೇರೆ: “ನಾನು ಗ್ಯಾಸ್ ಸಿಲಿಂಡರ್ ತನ್ನಿ ಅಂದ್ರೆ ಮಾತ್ರ ಆ ಮಾತು ಬಾಯಿಗೆ ಬರಲ್ಲ.”

ಈಗ ತಯಾರಾಗುತ್ತಿರುವ ಚಿತ್ರದಲ್ಲಿ ರಾಜ ತನ್ನ ತಮ್ಮನನ್ನು ಕೊಲ್ಲಿಸಿದ್ದಾನೆ. ಅದು ನ್ಯಾಯವೆಂದು ಹಿರಿಯ ಮಂತ್ರಿ ತುಂಬಿದ ಸಭೆಯಲ್ಲಿ ಹೇಳಬೇಕು. ಮಂತ್ರಿ ಹೇಳುವುದಿಲ್ಲ. ಅವನ ತಲೆ ತೆಗೆಯಿರಿ ಎಂದು ರಾಜ ಆಜ್ಞೆ ಮಾಡಿದಾಗ ಸಭೆಯೆಲ್ಲ ತಲೆಬಾಗಿ “ಅಪ್ಪಣೆ” ಅನ್ನಬೇಕು. ಇವತ್ತಿನ ಶಾಟ್ ಅದೇ. ಅಪ್ಪಣೆಗೆ ಇದು ಕೊನೆಯ ದಿನವೂ ಹೌದು.

ಕಳೆದ ತಿಂಗಳು ಇದೇ ಸಭಾಂಗಣದ ಉಪ್ಪರಿಗೆಯಲ್ಲಿ ಹಲಗೆಯೊಂದು ಬಿರುಕು ಬಿಟ್ಟಿತ್ತು. ಬೆಳಿಗ್ಗೆಯೇ ಅದನ್ನು ಕಂಡವನು ‘ಈಟಿ’. ಉದ್ದ ಆಳು, ಯಾವ ಚಿತ್ರಕ್ಕೆ ಹೋದರೂ ಕೈಗೆ ಈಟಿ ಕೊಟ್ಟು ನಿಲ್ಲಿಸುತ್ತಿದ್ದರು. ಹಲಗೆ ಸರಿಯಿಲ್ಲ ಎಂದು ಮ್ಯಾನೇಜರಿಗೆ ಹೇಳಿದ. “ಒಂದೇ ಶಾಟ್, ಹತ್ತಯ್ಯ,” ಎಂಬ ಉತ್ತರ ಬಂತು. ಈಟಿ ಕೆಳಗಿದ್ದ ಗೆಳೆಯ ಅಪ್ಪಣೆಯತ್ತ ಕಣ್ಣು ಮಿಟುಕಿಸಿ, ಅವರದೇ ರಾಗದಲ್ಲಿ “ಅಪ್ಪಣೆ, ಪ್ರಭು” ಎಂದು ಹತ್ತಿದ. ಎಲ್ಲರೂ ನಕ್ಕರು. ಹಲಗೆ ಮುರಿಯಿತು. ಸೊಂಟದಿಂದ ಕೆಳಗೆ ಅವನಿಗೆ ಈಗ ಸ್ಪರ್ಶವಿಲ್ಲ.

ಅವನು ಕುಡಿದಿದ್ದ ಎಂದು ಕಂಪನಿ ಹೇಳಿತು. ಕುಡಿದಿದ್ದರೆ ಪರಿಹಾರವಿಲ್ಲ. ಪರಿಹಾರದ ವಿಚಾರಣೆಗೆ ಮುನ್ನ ಜೂನಿಯರ್ ಕಲಾವಿದರನ್ನು ಒದಗಿಸುವ ಏಜೆಂಟ್ ಎಲ್ಲರನ್ನೂ ಕರೆದು ಟೀ ಕುಡಿಸಿ, ಅವನ ಬಾಯಿಂದ ವಾಸನೆ ಬರುತ್ತಿತ್ತು ಎಂದರೆ ಸಾಕು ಎಂದ. ಉಳಿದವರು ಹಾಗೇ ಹೇಳಿ ಬಂದರು. ಅಪ್ಪಣೆ ಹೇಳಲಿಲ್ಲ. ತೀರ್ಪು ಇನ್ನೂ ಬಂದಿಲ್ಲ. ಅವರನ್ನು ಅಂದೇ ಓಡಿಸುತ್ತಿದ್ದರು. ಆದರೆ ಅರ್ಧ ತೆಗೆದ ಆಸ್ಥಾನದ ದೃಶ್ಯದಲ್ಲಿ ಅವರ ಮುಖ ಆಗಲೇ ಸೇರಿಬಿಟ್ಟಿದೆ. ದೃಶ್ಯ ಮುಗಿಯುವವರೆಗೆ ಬಿಡುವಂತಿಲ್ಲ.

ಮನೆಯ ಒಂದೇ ಕೋಣೆಯಲ್ಲಿ ಹೆಂಡತಿ ದಿಂಬಿನ ಚೀಲ ಹೊಲಿಯುತ್ತಾರೆ. ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಹೊಲಿಗೆ ನಿಲ್ಲಿಸದೆ ಹೆಂಡತಿ ಹೇಳುತ್ತಾರೆ: “ಈಟಿ ಅಣ್ಣ ನನಗೂ ಅಣ್ಣಾನೇ. ನನ್ನ ಕೈಯಲ್ಲಿ ಎಷ್ಟು ಸಲ ಉಂಡಿಲ್ಲ! ಆದ್ರೆ ಸಿನಿಮಾದಲ್ಲಿ ಮಂತ್ರಿ ಕತ್ತು ಹೋದ್ರೆ ಚಪ್ಪಾಳೆ ಹೊಡೀತಾರೆ. ಇವರ ಕೆಲಸ ಹೋದ್ರೆ ಯಾರು ಹೊಡೀತಾರೆ, ಹೇಳಿ?” ಅಪ್ಪಣೆ ತಟ್ಟೆ ನೋಡುತ್ತಾ ಉಣ್ಣುತ್ತಾರೆ.

ಸಭಾಂಗಣದಲ್ಲಿ ದೀಪಗಳು ಹತ್ತುತ್ತವೆ. ಮುರಿದ ಹಲಗೆಯ ಜಾಗಕ್ಕೆ ಹೊಸ ಮರ ಬಂದಿದೆ, ಬಣ್ಣ ಇನ್ನೂ ಹಸಿ. ಅಲ್ಲಿ ಬೇರೊಬ್ಬ ಉದ್ದ ಆಳು ಈಟಿ ಹಿಡಿದು ನಿಂತಿದ್ದಾನೆ. ರಾಜ ಆಜ್ಞೆ ಮಾಡುತ್ತಾನೆ. ಸಭೆ ಬಾಗುತ್ತದೆ. ಗೊಣಗಾಟ ಕೇಳಿಸುತ್ತದೆ, ಗಂಟಲು ಕೇಳಿಸುವುದಿಲ್ಲ. ಎರಡನೇ ಸಾಲಿನಲ್ಲಿ ಒಂದು ತಲೆ ಮೇಲಕ್ಕೆ ನೋಡುತ್ತಿದೆ.

“ಕಟ್! ಏನ್ ಅಪ್ಪಣೆ, ನೀವೂ ಮಂತ್ರಿ ಆಗ್ಬಿಟ್ರಾ?” ಸಹಾಯಕ ನಿರ್ದೇಶಕ ಕೂಗುತ್ತಾನೆ. ಸಭೆ ನಗುತ್ತದೆ. ಮಂತ್ರಿಯ ಪಾತ್ರಧಾರಿಯೂ ನಗುತ್ತಾನೆ.

ಎರಡನೇ ಸಲ ಅವರು ಹೇಳುತ್ತಾರೆ. ಸೂರಿಗೆ ತಾಗುವಂತೆಯೇ ಹೇಳುತ್ತಾರೆ. ಶಾಟ್ ಓಕೆ ಆಗುತ್ತದೆ.

ಶೆಡ್ಡಿನಲ್ಲಿ ಗಡ್ಡ ಕೀಳುವಾಗ ಚರ್ಮದ ಸಣ್ಣ ಚೂರೊಂದು ಜೊತೆಗೆ ಬರುತ್ತದೆ. ಉಡುಪಿನವನು ನಿಲುವಂಗಿ ಮಡಚಿ ಒಯ್ಯುತ್ತಾನೆ. ಬಾಗಿಲಲ್ಲಿ ನಿಂತ ಏಜೆಂಟ್ ಮುಖ ನೋಡದೆ, “ಹೇಳಿ ಕಳಿಸ್ತೀನಿ,” ಎನ್ನುತ್ತಾನೆ. ಆ ಮಾತಿನ ಅರ್ಥ ಈ ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತು.

ವಿಚಾರಣೆಯಲ್ಲಿ ಏನು ಹೇಳಿದಿರಿ ಎಂದು ಕೇಳಿದರೆ ಅವರು ಗಲ್ಲಕ್ಕೆ ತಣ್ಣೀರು ಒತ್ತಿಕೊಳ್ಳುತ್ತಾರೆ.

“‘ಕುಡಿದಿರಲಿಲ್ಲ’ ಅಂದೆ. ಒಂದೇ ಮಾತು. ಅಲ್ಲಿ ಮೈಕು ಗೀಕು ಏನೂ ಇರಲಿಲ್ಲ. ಬಾಗಿಲು ಬೇರೆ ಹಾಕಿತ್ತು. ಆದ್ರೂ ಹೊರಗೆ ಬೆಂಚಿನ ಮೇಲೆ ಕೂತಿದ್ದ ಈಟಿ ಹೆಂಡತಿಗೆ ಕೇಳಿಸ್ತಂತೆ.”